ಚಿಕ್ಕ ಮಗುವಿನೊಡನೆ ವಿದೇಶದ ವಸಂತ: ಜಪಾನ್, ನೆದರ್‌ಲ್ಯಾಂಡ್ಸ್, ಕ್ಯಾನ್‌ಬೆರಾ, ಭೂತಾನ್ – ಯಾವುದನ್ನು ಆರಿಸಬೇಕು?

ಸೇವಂತಿಗೆ ಹೊಲಗಳನ್ನೂ ಪಾಲಿಹೌಸಿನ ಗುಲಾಬಿಯನ್ನೂ ನೋಡುತ್ತಲೇ ಬೆಳೆಯುವ ಚಿಕ್ಕಬಳ್ಳಾಪುರದ ಮಗುವಿಗೆ ಹೂವು ತೋರಿಸಲೆಂದು ಲಕ್ಷಗಟ್ಟಲೆ ಖರ್ಚು ಮಾಡಿ ವಿದೇಶಕ್ಕೆ ಹೋಗಬೇಕೇ ಎಂದು ಮನೆಯ ಹಿರಿಯರು ಕೇಳಿದರೆ, ಆ ಪ್ರಶ್ನೆ ನ್ಯಾಯವಾದದ್ದೇ. ನಮ್ಮಲ್ಲಿ ಹೂವು ಮಾರುಕಟ್ಟೆಯ ಬೆಳೆ. ಹಬ್ಬದ ದಿನಗಳನ್ನು ಲೆಕ್ಕ ಹಾಕಿ ನಾಟಿ ಮಾಡಿ, ವರ್ಷದ ಬಹುಪಾಲು ಕೊಯ್ಯುತ್ತಲೇ ಇರುತ್ತೇವೆ. ಚಳಿದೇಶಗಳ ವಸಂತದ ರೀತಿ ಬೇರೆ. ಚೆರ್ರಿ ಮರದ ಮೊಗ್ಗಿಗಾಗಲಿ ಟ್ಯುಲಿಪ್ ಗಡ್ಡೆಗಾಗಲಿ ಹಲವು ವಾರಗಳ ಚಳಿ ತಾಗದೆ ಸರಿಯಾಗಿ ಹೂ ಬಾರದು. ಆ ಚಳಿ ಕಳೆದು ಬಿಸಿಲೇರಿದ ಕೆಲವೇ ದಿನಗಳಲ್ಲಿ ಎಲೆಯೂ ಇಲ್ಲದೆ ನಿಂತಿದ್ದ ಮರಗಳು ಊರಿಗೆ ಊರೇ ಒಟ್ಟಾಗಿ ಅರಳುತ್ತವೆ. ಈ ನೋಟವನ್ನು ನಮ್ಮ ಬಯಲುಸೀಮೆ ಕೊಡಲಾರದು. ಹೋಗುವುದಕ್ಕೆ ಅಷ್ಟು ಕಾರಣ ಸಾಕು.

ಆದರೆ ಹೆಸರುವಾಸಿಯಾದ ಹೂವೆಲ್ಲ ಮಗುವಿಗೆ ತಕ್ಕದ್ದಲ್ಲ. ಎರಡರಿಂದ ಏಳು ವರ್ಷದೊಳಗಿನ ಮಗು ಹೂವನ್ನು ಹತ್ತು ನಿಮಿಷ ನೋಡೀತು. ಆಮೇಲೆ ಅದಕ್ಕೆ ಓಡಲು ಜಾಗ, ಬಾಯಿಗೆ ಏನಾದರೊಂದು ತಿಂಡಿ, ಕೂಗಳತೆಯಲ್ಲಿ ಶೌಚಾಲಯ ಬೇಕು. ಆದ್ದರಿಂದ ಹೋಲಿಸುವಾಗ ಯಾವ ಹೂವು ಹೆಚ್ಚು ಚೆಂದ ಎಂಬುದನ್ನು ಬದಿಗಿಟ್ಟು, ಹೂವು ಎಷ್ಟು ದಿನ ನಿಲ್ಲುತ್ತದೆ, ಆ ದಿನಗಳು ನಮ್ಮ ರಜೆಗೆ ಹೊಂದುತ್ತವೆಯೇ, ಹೂವು ನೋಡಿ ಮುಗಿದ ಹನ್ನೊಂದನೆಯ ನಿಮಿಷದಲ್ಲಿ ಮಗು ಏನು ಮಾಡುತ್ತದೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು.

ಹೂವಿನ ದಿನಗಳು, ಶಾಲೆಯ ದಿನಗಳು

ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಬೇಸಿಗೆ ರಜೆ ಸಾಮಾನ್ಯವಾಗಿ ಏಪ್ರಿಲ್ ಎರಡನೆಯ ವಾರದಲ್ಲಿ ಆರಂಭವಾಗುತ್ತದೆ. ಜಪಾನಿನ ಟೋಕಿಯೊ, ಕ್ಯೋಟೊಗಳ ಸಕುರಾ, ಅಂದರೆ ಚೆರ್ರಿ ಹೂವು, ಅಷ್ಟರಲ್ಲಿ ಬಹುಮಟ್ಟಿಗೆ ಉದುರಿರುತ್ತದೆ. ಯಾಸುಕುನಿ ದೇಗುಲದ ಆವರಣದಲ್ಲಿ ಜಪಾನಿನ ಹವಾಮಾನ ಇಲಾಖೆ ಗುರುತಿಸಿಟ್ಟಿರುವ ಮರವೊಂದರಲ್ಲಿ ಐದಾರು ಹೂವು ಬಿಟ್ಟೊಡನೆ ಟೋಕಿಯೊದಲ್ಲಿ ಸಕುರಾ ಅರಳಿತೆಂದು ಸಾರಲಾಗುತ್ತದೆ. ಅಲ್ಲಿಂದ ಸುಮಾರು ಒಂದು ವಾರಕ್ಕೆ ಮರ ತುಂಬುತ್ತದೆ, ಮತ್ತೊಂದು ವಾರಕ್ಕೆ ಉದುರುತ್ತದೆ, ನಡುವೆ ಗಾಳಿ ಮಳೆ ಬಂದರೆ ಇನ್ನೂ ಬೇಗ. ಈ ಘೋಷಣೆ 2023ರಲ್ಲಿ ಮಾರ್ಚ್ 14ರಂದು ಬಂತು, 2024ರಲ್ಲಿ ಮಾರ್ಚ್ 29ರಂದು. ಒಂದೇ ಊರಿನಲ್ಲಿ ಒಂದು ವರ್ಷದ ಅಂತರಕ್ಕೆ ಹದಿನೈದು ದಿನಗಳ ವ್ಯತ್ಯಾಸ. ಕ್ಯೋಟೊದಲ್ಲಂತೂ 2021ರ ಮಾರ್ಚ್ 26ರಂದು ಮರಗಳು ಪೂರ್ತಿ ಅರಳಿದ್ದು, ಸಾವಿರದ ಇನ್ನೂರು ವರ್ಷಗಳ ದಾಖಲೆಯಲ್ಲಿ ಆವರೆಗಿನ ಅತಿ ಬೇಗದ ದಿನವಾಗಿತ್ತು. ಆರು ತಿಂಗಳ ಮೊದಲೇ ವಿಮಾನದ ಟಿಕೆಟ್ ತೆಗೆದುಕೊಳ್ಳಬೇಕಾದ ಕುಟುಂಬಕ್ಕೆ ಇದು ಜೂಜಿಗಿಂತ ತುಸು ಮೇಲಷ್ಟೆ.

ನೆದರ್‌ಲ್ಯಾಂಡ್ಸ್‌ನ ಕ್ಯೂಕೆನ್‌ಹಾಫ್ ಉದ್ಯಾನ ಮಾರ್ಚ್ ಮೂರನೆಯ ವಾರದಿಂದ ಮೇ ಎರಡನೆಯ ವಾರದವರೆಗೆ ಸುಮಾರು ಎಂಟು ವಾರ ತೆರೆದಿರುತ್ತದೆ. 2025ರಲ್ಲಿ ಅದು ಮಾರ್ಚ್ 20ರಿಂದ ಮೇ 11ರವರೆಗಿತ್ತು. ಟ್ಯುಲಿಪ್‌ಗಳ ಭರಾಟೆ ಏಪ್ರಿಲ್ ಮಧ್ಯದ ಆಸುಪಾಸಿನಲ್ಲಿ, ಅಂದರೆ ನಮ್ಮ ಮಕ್ಕಳ ರಜೆ ಶುರುವಾದ ಮೊದಲ ಹತ್ತು ಹದಿನೈದು ದಿನಗಳಲ್ಲಿಯೇ ಬರುತ್ತದೆ. ಈ ಒಂದು ಸಂಗತಿಯೇ ಶಾಲೆಗೆ ಹೋಗುವ ಮಗುವಿರುವ ಮನೆಯ ತೀರ್ಮಾನವನ್ನು ಅರ್ಧ ಮುಗಿಸಿಬಿಡುತ್ತದೆ.

ಕ್ಯೂಕೆನ್‌ಹಾಫ್: ಮಗುವಿಗೆ ಸಲೀಸು

ಲಿಸ್ಸೆ ಎಂಬ ಊರಿನಲ್ಲಿರುವ ಈ ಉದ್ಯಾನ 1950ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ವಿಸ್ತಾರ 32 ಹೆಕ್ಟೇರು. ಪ್ರತಿ ವರ್ಷ ಶರತ್ಕಾಲದಲ್ಲಿ ಸುಮಾರು 70 ಲಕ್ಷ ಗಡ್ಡೆಗಳನ್ನು ಕೈಯಿಂದಲೇ ನೆಡುತ್ತಾರೆ. ಹೂವು ಎಂಟು ವಾರ ನಿಲ್ಲುವ ಗುಟ್ಟು ನೆಡುವ ಕ್ರಮದಲ್ಲಿದೆ. ತಡವಾಗಿ ಅರಳುವ ಗಡ್ಡೆಯನ್ನು ಆಳದಲ್ಲಿ, ಬೇಗ ಅರಳುವುದನ್ನು ಮೇಲೆ ಇಟ್ಟಿರುವುದರಿಂದ, ಮದುವೆ ಮನೆಯ ಪಂಕ್ತಿಯಂತೆ ಒಂದು ಎದ್ದೊಡನೆ ಅದೇ ಜಾಗದಲ್ಲಿ ಇನ್ನೊಂದು ಕೂರುತ್ತದೆ: ಮೊದಲು ಕ್ರೋಕಸ್, ಬಳಿಕ ನಾರ್ಸಿಸಸ್ ಮತ್ತು ಹಯಸಿಂತ್, ಆಮೇಲೆ ಟ್ಯುಲಿಪ್. ಮಳೆ ಬಂದರೂ ದಿನ ಹಾಳಾಗದು. ಚಾವಣಿಯಡಿಯ ಮಂಟಪಗಳಲ್ಲಿ ಟ್ಯುಲಿಪ್, ಆರ್ಕಿಡ್‌ಗಳ ಪ್ರದರ್ಶನ ನಡೆಯುತ್ತಲೇ ಇರುತ್ತದೆ. ಸಕುರಾದಲ್ಲಿ ಈ ಬಗೆಯ ಭರವಸೆಯನ್ನು ಯಾರೂ ಕೊಡಲಾರರು.

ಹನ್ನೊಂದನೆಯ ನಿಮಿಷದ ಪ್ರಶ್ನೆಗೂ ಇಲ್ಲಿ ಉತ್ತರವಿದೆ. ಆಟದ ಮೈದಾನ, ಪ್ರಾಣಿಗಳನ್ನು ಮುಟ್ಟಿ ನೋಡುವ ಪುಟ್ಟ ಸಾಕಣೆ ಅಂಗಳ, ಪೊದೆಬೇಲಿಯ ಚಕ್ರವ್ಯೂಹ, ಮೇಲೆ ಹತ್ತಿ ನೋಡಬಹುದಾದ ಗಾಳಿಗಿರಣಿ, ಸುತ್ತಲಿನ ಹೊಲಗಳ ನಡುವಿನ ಕಾಲುವೆಯಲ್ಲಿ ಸದ್ದಿಲ್ಲದೆ ಸಾಗುವ ದೋಣಿ ಇವೆಲ್ಲ ಅಲ್ಲಿಯೇ ಇವೆ. ದಾರಿಗಳು ಸಮತಟ್ಟಾಗಿದ್ದು ಮಗುವಿನ ತಳ್ಳುಗಾಡಿ ಎಲ್ಲಿಯೂ ಸಿಕ್ಕಿಕೊಳ್ಳುವುದಿಲ್ಲ. ಮೂರು ವರ್ಷದವರೆಗಿನ ಮಕ್ಕಳಿಗೆ ಪ್ರವೇಶ ಉಚಿತ, ನಾಲ್ಕರಿಂದ ಹದಿನೇಳರವರೆಗೆ ರಿಯಾಯಿತಿ, ದೊಡ್ಡವರಿಗೆ ಸುಮಾರು 20 ಯೂರೊ. ಪ್ರವೇಶದ ಹೊತ್ತನ್ನು ಆರಿಸಿ ಟಿಕೆಟನ್ನು ಆನ್‌ಲೈನ್‌ನಲ್ಲಿ ಮೊದಲೇ ಕೊಳ್ಳಬೇಕು. ಆಮ್‌ಸ್ಟರ್‌ಡ್ಯಾಮಿನ ಸ್ಕಿಪೊಲ್ ವಿಮಾನ ನಿಲ್ದಾಣದಿಂದಲೇ ನೇರ ಬಸ್ಸಿದ್ದು, ಸುಮಾರು ಮುಕ್ಕಾಲು ಗಂಟೆಯಲ್ಲಿ ಬಾಗಿಲಿಗೆ ಬಿಡುತ್ತದೆ.

ದೋಷಗಳಿಲ್ಲವೆಂದಲ್ಲ. ಇದು ಅಚ್ಚುಕಟ್ಟಾಗಿ ಕತ್ತರಿಸಿ ಜೋಡಿಸಿದ ತೋಟ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ಕಂಡವರಿಗೆ ಅದರ ಬಲು ದೊಡ್ಡ ರೂಪವೆನ್ನಿಸಬಹುದು. ಹೂವಿನ ರಥಗಳ ಮೆರವಣಿಗೆ ಆ ಸೀಮೆಯಲ್ಲಿ ಸಾಗುವ ಏಪ್ರಿಲ್‌ನ ಶನಿವಾರ ಮತ್ತು ಏಪ್ರಿಲ್ 27ರ ರಾಜನ ದಿನದ ಸುತ್ತಿನ ದಿನಗಳಲ್ಲಿ ಜನಸಂದಣಿ ವಿಪರೀತ. ಮಗುವಿದ್ದವರು ವಾರದ ನಡುವಿನ ದಿನವನ್ನೇ ಹಿಡಿಯುವುದು ಮೇಲು. ಏಪ್ರಿಲ್‌ನಲ್ಲಿ ಹಗಲಿನ ಗರಿಷ್ಠ ತಾಪಮಾನ 12–14 ಡಿಗ್ರಿಯ ಆಸುಪಾಸು, ಜೊತೆಗೆ ಸಮುದ್ರದ ಕಡೆಯ ಚುಚ್ಚುವ ಗಾಳಿ. ನಮ್ಮ ಡಿಸೆಂಬರಿನ ಇರುಳಿಗೆ ಹೊಲಿಸಿದ ಸ್ವೆಟರ್ ಅಲ್ಲಿನ ಮಧ್ಯಾಹ್ನಕ್ಕೂ ಸಾಲದು.

ಹೂ ಬೆಳೆಗಾರರ ಮನೆಯವರಿಗೆ ಉದ್ಯಾನಕ್ಕಿಂತ ಹೊರಗಿನ ಹೊಲಗಳೇ ಹೆಚ್ಚು ಕುತೂಹಲದ ಸಂಗತಿಯಾದಾವು. ಬಣ್ಣದ ಪಟ್ಟಿಗಳಂತೆ ಕಾಣುವ ಆ ಹೊಲಗಳಲ್ಲಿ ಬೆಳೆ ಹೂವಲ್ಲ, ನೆಲದೊಳಗಿನ ಗಡ್ಡೆ. ಹೂವು ಚೆನ್ನಾಗಿ ಅರಳಿ ರೋಗವಿಲ್ಲವೆಂದು ಖಚಿತವಾದೊಡನೆ, ಗಡ್ಡೆಗೆ ಸಾರ ಇಳಿಯಲೆಂದು ಯಂತ್ರದಿಂದ ಹೂವಿನ ತಲೆಗಳನ್ನು ಕತ್ತರಿಸಿಬಿಡುತ್ತಾರೆ. ಒಂದು ಕುಕ್ಕೆ ಸೇವಂತಿಗೆಗೆ ಬೆಳಗಿನ ಜಾವದಲ್ಲಿ ಚೌಕಾಸಿ ನಡೆಸುವ ನಮ್ಮವರಿಗೆ ಈ ದೃಶ್ಯ ಜೀರ್ಣವಾಗುವುದು ಕಷ್ಟ. ಹೊಲ ನೋಡಬೇಕೆಂದಿದ್ದರೆ ಏಪ್ರಿಲ್ ಕೊನೆಗೆ ತಳ್ಳಬಾರದು. ರೋಗ ಹರಡುವ ಭಯದಿಂದಲೂ ಗಿಡ ತುಳಿದು ಹಾಳಾಗುವುದರಿಂದಲೂ ಒಳಗೆ ಕಾಲಿಡುವುದನ್ನು ರೈತರು ಸಹಿಸುವುದಿಲ್ಲವಾದ್ದರಿಂದ ಬದುವಿನ ಆಚೆಯಿಂದಲೇ ನೋಡಬೇಕು. ಆಲ್ಸ್‌ಮೀರ್‌ನ ಹೂವಿನ ಹರಾಜು ಕೇಂದ್ರವನ್ನೂ ಕೆಲಸದ ದಿನಗಳ ಬೆಳಗ್ಗೆ ಎತ್ತರದ ನಡೆದಾರಿಯಿಂದ ನೋಡಬಹುದು. ನಮ್ಮ ಹರಾಜಿನಲ್ಲಿ ಬೆಲೆ ಏರುತ್ತ ಹೋದರೆ ಅಲ್ಲಿ ಮೇಲಿನ ಬೆಲೆಯಿಂದ ಇಳಿಯುತ್ತ ಬರುತ್ತದೆ, ಮೊದಲು ತಡೆದವನಿಗೆ ಸರಕು. ಮಗುವಿಗೆ ಮಾತ್ರ ಕೆಳಗೆ ಸಾಲುಸಾಲಾಗಿ ಓಡುವ ಹೂಗಾಡಿಗಳೇ ಸಾಕು.

ಜಪಾನ್: ಸಕುರಾವನ್ನು ಬಿಟ್ಟರೂ ವಸಂತ ಉಳಿದಿರುತ್ತದೆ

ಮಗು ಇನ್ನೂ ಶಾಲೆಗೆ ಸೇರಿಲ್ಲ, ದಿನಾಂಕಗಳನ್ನು ಹಿಗ್ಗಿಸಿಕೊಳ್ಳಲು ದೊಡ್ಡವರಿಗೂ ರಜೆ ಸಿಗುತ್ತದೆ ಎನ್ನುವವರು ಮಾರ್ಚ್ ಕೊನೆಯ ವಾರ ಮತ್ತು ಏಪ್ರಿಲ್ ಮೊದಲ ವಾರವನ್ನು ಹಿಡಿದು ಸಕುರಾಗೆ ಹೋಗಬಹುದು. ಹಾಗೆ ಹೋದರೆ ಟೋಕಿಯೊದಲ್ಲಿ ಶಿಂಜುಕು ಗ್ಯೋಎನ್ ಉದ್ಯಾನವನ್ನೇ ನಾನು ಮೊದಲು ಸೂಚಿಸುತ್ತೇನೆ. ದೊಡ್ಡವರಿಗೆ 500 ಯೆನ್, ಮಕ್ಕಳಿಗೆ ಉಚಿತ. ವಿಶಾಲವಾದ ಹುಲ್ಲುಹಾಸಿದೆ, ಮದ್ಯ ನಿಷಿದ್ಧವಾದ್ದರಿಂದ ಗದ್ದಲ ಕಡಿಮೆ, ಮತ್ತು ಬೇಗ ಅರಳುವ, ತಡವಾಗಿ ಅರಳುವ ಹತ್ತಾರು ತಳಿಗಳಿರುವುದರಿಂದ ದಿನ ಹಿಂದುಮುಂದಾದರೂ ಯಾವುದೋ ಒಂದು ಮರ ಹೂವಿನಿಂದಿರುತ್ತದೆ. ಚೆಂಡಾಟಕ್ಕೆ ಅಲ್ಲಿ ಅವಕಾಶವಿಲ್ಲ. ಉಎನೊ ಉದ್ಯಾನದ ಮರಗಳ ಕೆಳಗೆ ಜನ ಮುಗಿಬೀಳುತ್ತಾರಾದರೂ 1882ರಷ್ಟು ಹಳೆಯ ಮೃಗಾಲಯ ಅದರ ಮಗ್ಗುಲಲ್ಲೇ ಇರುವುದು ಮಗುವಿನ ಪಾಲಿಗೆ ದೊಡ್ಡ ಲಾಭ. ನದಿಯ ಇಕ್ಕೆಲಗಳ ಮರಗಳಿಂದ ಪ್ರಸಿದ್ಧವಾದ ನಾಕಾಮೆಗುರೊವನ್ನು ತಳ್ಳುಗಾಡಿಯವರು ಬಿಟ್ಟುಬಿಡುವುದೇ ಕ್ಷೇಮ. ಆ ಇಕ್ಕಟ್ಟಿನಲ್ಲಿ ಮಗುವಿಗೆ ಕಾಣುವುದು ದೊಡ್ಡವರ ಕಾಲುಗಳು ಮಾತ್ರ.

ಏಪ್ರಿಲ್ 10ರ ನಂತರವೇ ಹೊರಡಬೇಕಾದ ಮನೆಯವರು ಜಪಾನನ್ನು ಪಟ್ಟಿಯಿಂದ ಅಳಿಸಬೇಕಾಗಿಲ್ಲ. ಟೋಕಿಯೊದ ಈಶಾನ್ಯಕ್ಕಿರುವ ಹಿತಾಚಿ ಕಡಲತೀರದ ಉದ್ಯಾನದಲ್ಲಿ ಏಪ್ರಿಲ್ ಮಧ್ಯದಿಂದ ಮೇ ಮೊದಲ ವಾರದವರೆಗೆ ನೆಮೋಫಿಲಾ ಎಂಬ ಪುಟ್ಟ ನೀಲಿ ಹೂವು ಇಡೀ ಗುಡ್ಡವನ್ನು ಮುಚ್ಚುತ್ತದೆ. ಸುಮಾರು 53 ಲಕ್ಷ ಗಿಡಗಳು. ಮಗುವಿನ ಮೊಣಕಾಲೆತ್ತರದಲ್ಲೇ ಹೂವಿರುವುದು, ಒಳಗೇ ಜಯಂಟ್ ವೀಲ್ ಮುಂತಾದ ಆಟಗಳಿರುವುದು ಇದರ ಹೆಚ್ಚುಗಾರಿಕೆ. ತಲೆಯೆತ್ತಿ ನೋಡಬೇಕಾದ ಸಕುರಾಗಿಂತ ಕಣ್ಣೆದುರಿಗೇ ಹಬ್ಬಿರುವ ಈ ನೀಲಿ ಚಿಕ್ಕವರಿಗೆ ಹೆಚ್ಚು ಹತ್ತಿರದ್ದೆಂದು ನನ್ನ ಎಣಿಕೆ. ಆಶಿಕಾಗದ ಹೂವಿನ ಉದ್ಯಾನದಲ್ಲಿ ನೂರೈವತ್ತು ವರ್ಷ ದಾಟಿದ ವಿಸ್ಟೀರಿಯಾ ಬಳ್ಳಿಯ ನೇರಳೆ ಗೊಂಚಲುಗಳು ಏಪ್ರಿಲ್ ಕೊನೆಯಲ್ಲಿ ಚಪ್ಪರದಿಂದ ಇಳಿಬೀಳುತ್ತವೆ. ಸಕುರಾವೇ ಬೇಕೆಂಬ ಹಟವಿದ್ದರೆ ಉತ್ತರದ ಹಿರೊಸಾಕಿಗೆ ಹೋಗಬಹುದು. ಅಲ್ಲಿನ ಕೋಟೆಯ ಸುತ್ತ ಸುಮಾರು 2,600 ಮರಗಳು ಏಪ್ರಿಲ್ ಮಧ್ಯ ಮತ್ತು ಕೊನೆಯ ನಡುವೆ ಅರಳಿ, ಉದುರಿದ ಎಸಳುಗಳು ಕಂದಕದ ನೀರನ್ನು ಗುಲಾಬಿ ಬಣ್ಣಕ್ಕೆ ತಿರುಗಿಸುತ್ತವೆ. ಆದರೆ ಟೋಕಿಯೊದಿಂದ ಬುಲೆಟ್ ರೈಲಿನಲ್ಲಿ ಮೂರು ಗಂಟೆಗೂ ಹೆಚ್ಚು ಸಾಗಿ ಮತ್ತೆ ಸ್ಥಳೀಯ ರೈಲು ಹಿಡಿಯಬೇಕು. ಏಪ್ರಿಲ್ 29ರಿಂದ ಮೇ 5ರವರೆಗಿನ ಗೋಲ್ಡನ್ ವೀಕ್‌ನಲ್ಲಿ ದೇಶಕ್ಕೆ ದೇಶವೇ ಪ್ರವಾಸ ಹೊರಡುವುದರಿಂದ ಆ ದಿನಗಳಲ್ಲಿ ಎಲ್ಲಿಗೂ ಹೋಗದಿರುವುದು ಲೇಸು.

ರೈಲಿನಲ್ಲಿ ಆರು ವರ್ಷದೊಳಗಿನ ಮಗುವನ್ನು ಪ್ರತ್ಯೇಕ ಸೀಟು ಕಾದಿರಿಸದೆ ಉಚಿತವಾಗಿ ಕರೆದೊಯ್ಯಬಹುದು, ಆರರಿಂದ ಹನ್ನೊಂದರವರೆಗೆ ಅರ್ಧ ದರ. ಶೌಚಾಲಯಗಳು ಚೊಕ್ಕಟ, ಮಗುವನ್ನು ಕೂರಿಸುವ ಆಸನ ಗೋಡೆಗೇ ಅಳವಡಿಸಿರುವುದು ಅಲ್ಲಿ ಸಾಮಾನ್ಯ. ತೊಂದರೆ ಇರುವುದು ಊಟದಲ್ಲಿ. ತರಕಾರಿಯದೆಂದು ಕಾಣುವ ನೂಡಲ್ಸ್ ಸಾರಿನಲ್ಲೂ ದಾಶಿ ಎಂಬ ಮೀನಿನ ಕಷಾಯವಿರುತ್ತದೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಅಡುಗೆಮನೆಯಿರುವ ವಸತಿಯನ್ನೇ ಹಿಡಿಯಬೇಕು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಜಪಾನಿ ಸೀಡರ್ ಎಂದು ಕರೆಯುವ ಸುಗಿ ಮರಗಳ ಪರಾಗ ಗಾಳಿಯಲ್ಲಿ ತುಂಬಿರುವುದರಿಂದ ಉಬ್ಬಸದ ಮಗುವಿದ್ದವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಸೂಡೋಎಫೆಡ್ರಿನ್ ಶೇ 10ಕ್ಕಿಂತ ಹೆಚ್ಚಿರುವ ಶೀತದ ಔಷಧಿಗಳಿಗೆ ಜಪಾನಿನಲ್ಲಿ ಪ್ರವೇಶವಿಲ್ಲ. ಮನೆಯಲ್ಲಿರುವ ಸಿರಪ್ಪಿನ ಚೀಟಿಯನ್ನು ಓದಿ ಪೆಟ್ಟಿಗೆಗಿಡಬೇಕು.

ದಸರಾ ರಜೆಯವರಿಗೆ ಕ್ಯಾನ್‌ಬೆರಾ

ಭೂಮಿಯ ದಕ್ಷಿಣಾರ್ಧದಲ್ಲಿ ವಸಂತ ಸೆಪ್ಟೆಂಬರಿನಲ್ಲಿ ಬರುತ್ತದೆ. ಆಸ್ಟ್ರೇಲಿಯಾದ ರಾಜಧಾನಿಯ ಕಾಮನ್‌ವೆಲ್ತ್ ಉದ್ಯಾನದಲ್ಲಿ ಬರ್ಲಿ ಗ್ರಿಫಿನ್ ಕೆರೆಯ ದಂಡೆಗೆ 1988ರಿಂದ ನಡೆದುಬಂದಿರುವ ಫ್ಲೋರಿಯೇಡ್ ಎಂಬ ಹೂವಿನ ಉತ್ಸವದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಗಡ್ಡೆ ಮತ್ತು ಋತುಮಾನದ ಹೂಗಿಡಗಳಿರುತ್ತವೆ; ಹಗಲಿನ ಪ್ರವೇಶ ಉಚಿತ. ಕ್ಯೂಕೆನ್‌ಹಾಫ್‌ನಷ್ಟು ಭವ್ಯವಲ್ಲ, ಆದರೆ ಇಕ್ಕಟ್ಟೂ ಇಲ್ಲ. ಕ್ವೆಸ್ಟಕಾನ್ ಎಂಬ ವಿಜ್ಞಾನ ಕೇಂದ್ರ ಮಳೆಯ ದಿನಕ್ಕೆ ಆಸರೆ.

ಇಲ್ಲಿ ಪಂಚಾಂಗ ನೋಡಲೇಬೇಕು. ಫ್ಲೋರಿಯೇಡ್ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮಾತ್ರ. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ರಂದು ಬಂದಿದ್ದರಿಂದ ಎರಡೂ ಚೆನ್ನಾಗಿ ಹೊಂದಿದವು. ಅಧಿಕ ಮಾಸವಿರುವ 2026ರಲ್ಲಿ ಅದು ಅಕ್ಟೋಬರ್ 20ಕ್ಕೆ ಸರಿಯುತ್ತದೆ. ಅಂಥ ವರ್ಷಗಳಲ್ಲಿ ಕ್ಯಾನ್‌ಬೆರಾದ ಬದಲು ಅಕ್ಟೋಬರ್ ಕೊನೆಗೆ ನೇರಳೆಯಾಗುವ ಸಿಡ್ನಿಯ ಜಕರಾಂಡ ಬೀದಿಗಳನ್ನು ನೋಡುವುದೊಂದು ದಾರಿ. ಆದರೆ ಜಕರಾಂಡ ಮರಗಳು ಬೆಂಗಳೂರಿನಲ್ಲೂ ಇರುವುದರಿಂದ ಅದಕ್ಕಾಗಿ ಅಷ್ಟು ದೂರ ಹೋಗುವುದನ್ನು ನಾನು ಸಮರ್ಥಿಸಲಾರೆ. ಸಿಡ್ನಿಯಲ್ಲಿಳಿದು ಸುಮಾರು 280 ಕಿಲೋಮೀಟರ್ ರಸ್ತೆಯಲ್ಲಿ ಸಾಗಬೇಕು. ವೀಸಾ ಶುಲ್ಕದಲ್ಲಿ ಮಗುವಿಗೆ ವಿನಾಯಿತಿಯಿಲ್ಲ. ವಸಂತದಲ್ಲಿ ಗೂಡು ಕಾಯುವ ಮ್ಯಾಗ್‌ಪೈ ಹಕ್ಕಿಗಳು ದಾರಿಹೋಕರ ತಲೆಯ ಮೇಲೆ ಎರಗುವುದುಂಟು, ಮಗುವಿಗೆ ಅಗಲ ಅಂಚಿನ ಟೋಪಿ ಹಾಕಿರಬೇಕು.

ಕೈಗೆಟಕುವ ಖರ್ಚಿನಲ್ಲಿ ಭೂತಾನ್

ನಲವತ್ತಕ್ಕೂ ಹೆಚ್ಚು ಜಾತಿಯ ರೋಡೋಡೆಂಡ್ರನ್ ಎಂಬ ಬೆಟ್ಟದ ಹೂಗಿಡ, ಹೂಮರಗಳಿರುವ ಭೂತಾನದಲ್ಲಿ ಏಪ್ರಿಲ್ ಹೂವಿನ ತಿಂಗಳು. ಭಾರತೀಯರಿಗೆ ವೀಸಾ ಬೇಡ, ಪ್ರವೇಶ ಪರವಾನಗಿ ಸಾಕು. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ನಡೆಯುತ್ತದೆ, ಆಧಾರ್ ನಡೆಯದು. ತಲೆಗೆ ರಾತ್ರಿಯೊಂದಕ್ಕೆ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ ಕಟ್ಟಬೇಕು. ಐದು ವರ್ಷದವರೆಗಿನ ಮಕ್ಕಳಿಗೆ ಅದಿಲ್ಲ, ಆರರಿಂದ ಹನ್ನೆರಡರವರಿಗೆ ಅರ್ಧ. ಅನ್ನ, ಬೇಳೆ ಎಲ್ಲೆಡೆ ಸಿಗುತ್ತವೆ, ಗಡಿಯಾರದ ವ್ಯತ್ಯಾಸ ಅರ್ಧ ಗಂಟೆ ಮಾತ್ರ.

ಕಾಡುವುದು ಎತ್ತರ ಮತ್ತು ತಿರುವು. ನಮ್ಮ ನಂದಿಬೆಟ್ಟ 1,478 ಮೀಟರ್; ಥಿಂಪು ನಗರವೇ ಅದಕ್ಕಿಂತ ಬಹಳ ಮೇಲಿದೆ, ಹೂವು ಚೆನ್ನಾಗಿ ಕಾಣುವ ದೋಚುಲಾ ಕಣಿವೆದಾರಿ ಸುಮಾರು 3,100 ಮೀಟರ್, ಚೆಲೆಲಾ ನಾಲ್ಕು ಸಾವಿರಕ್ಕೆ ಹತ್ತಿರ. ತಲೆನೋವೆಂದು ಹೇಳಲು ಬಾರದ ಮಗುವನ್ನು ಚೆಲೆಲಾಗೆ ಒಯ್ಯಬಾರದು. ಪಾರೊದಲ್ಲಿ ಒಂದೆರಡು ರಾತ್ರಿ ಮೈ ಒಗ್ಗಿಸಿಕೊಂಡು ದೋಚುಲಾ ಮತ್ತು ಅದರ ಕೆಳಗಿನ ಲಂಪೆರಿ ಸಸ್ಯೋದ್ಯಾನದಲ್ಲಿ ಹಗಲು ಕಳೆದು ಇಳಿದುಬಿಡಬೇಕು. ಪಶ್ಚಿಮ ಬಂಗಾಳದ ಬಾಗ್‌ಡೋಗ್ರಾದವರೆಗೆ ವಿಮಾನದಲ್ಲಿ ಹೋಗಿ ಗಡಿಯೂರಾದ ಫುಂಟ್‌ಶೋಲಿಂಗ್ ಮೂಲಕ ರಸ್ತೆ ಹಿಡಿದರೆ ಖರ್ಚು ಉಳಿಯುತ್ತದೆ, ಆದರೆ ಎರಡು ದಿನ ಹೊಟ್ಟೆ ತೊಳಸುವ ತಿರುವುಗಳನ್ನು ಮಗು ತಡೆಯಬೇಕು. ರೋಡೋಡೆಂಡ್ರನ್ನಿನ ಎಲೆ, ಎಸಳು, ಮಕರಂದ ಮೂರೂ ವಿಷಕಾರಿ ಎಂಬುದನ್ನು ಮರೆಯಬಾರದು. ಬೆಳಗೆದ್ದು ಅಜ್ಜಿಯೊಡನೆ ಪೂಜೆಗೆ ಹೂ ಕೀಳುವ ನಮ್ಮ ಮಕ್ಕಳಿಗೆ, ಹೊರಡುವ ಮುನ್ನವೇ, ಅಲ್ಲಿನ ಯಾವ ಹೂವನ್ನೂ ಕೀಳುವಂತಿಲ್ಲ, ಬಾಯಿಗಿಡುವಂತಿಲ್ಲ ಎಂದು ಹೇಳಿಟ್ಟಿರಬೇಕು. ಟ್ಯುಲಿಪ್, ನಾರ್ಸಿಸಸ್ ಗಡ್ಡೆಗಳ ವಿಷಯದಲ್ಲೂ ಇದೇ ಎಚ್ಚರ ಬೇಕು.

ದಕ್ಷಿಣ ಕೊರಿಯಾದ ಜಿನ್ಹೇ, ಅಮೆರಿಕದ ವಾಷಿಂಗ್ಟನ್ ಎರಡೂ ಚೆರ್ರಿ ಹೂವಿಗೆ ಹೆಸರಾದವು. ಎರಡರಲ್ಲೂ ಹೂವು ಮಾರ್ಚ್ ಕೊನೆ, ಏಪ್ರಿಲ್ ಮೊದಲಲ್ಲೇ ಮುಗಿಯುವುದರಿಂದ ಜಪಾನಿನ ಅದೇ ತೊಡಕು ಇಲ್ಲಿಯೂ ಇದೆ; ಅಲ್ಲಿ ನೆಂಟರಿಲ್ಲದವರು ಇವನ್ನು ಪರಿಗಣಿಸಬೇಕಾಗಿಲ್ಲ.

ನಿದ್ದೆ, ಬುತ್ತಿ, ಕಾಗದಪತ್ರ

ಟೋಕಿಯೊ, ಆಮ್‌ಸ್ಟರ್‌ಡ್ಯಾಮ್, ಸಿಡ್ನಿ ಮೂರಕ್ಕೂ ಬೆಂಗಳೂರಿನಿಂದ ನೇರ ವಿಮಾನಗಳಿವೆ. ಎಲ್ಲ ದಿನಗಳಲ್ಲೂ ಇರದಿರಬಹುದಾದ್ದರಿಂದ ವೇಳಾಪಟ್ಟಿ ನೋಡಿಕೊಳ್ಳಬೇಕು. ದೇವನಹಳ್ಳಿಯ ನಿಲ್ದಾಣ ಬೆಂಗಳೂರಿನ ಬಹುಪಾಲು ಬಡಾವಣೆಗಳಿಗಿಂತ ಚಿಕ್ಕಬಳ್ಳಾಪುರಕ್ಕೇ ಹತ್ತಿರವಿರುವುದು ಮಗುವಿದ್ದವರಿಗೆ ಸಣ್ಣ ಅನುಕೂಲವಲ್ಲ. ಗಡಿಯಾರದ ಮಾತಿಗೆ ಬಂದರೆ, ಏಪ್ರಿಲ್‌ನಲ್ಲಿ ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ, ನೆದರ್‌ಲ್ಯಾಂಡ್ಸ್ ಅಷ್ಟೇ ಹಿಂದೆ. ಅಂತರ ಒಂದೇ ಆದರೂ ಪರಿಣಾಮ ಒಂದೇ ಅಲ್ಲ. ಇಲ್ಲಿ ಬೆಳಗ್ಗೆ ಏಳಕ್ಕೆ ಏಳುವ ಮಗು ಟೋಕಿಯೊದಲ್ಲಿ ಮೊದಲ ಕೆಲವು ದಿನ ಹತ್ತೂವರೆಗೆ ಎದ್ದು, ಉದ್ಯಾನ ಸೇರುವಾಗ ಜನ ಕಿಕ್ಕಿರಿದಿರುತ್ತಾರೆ. ನೆದರ್‌ಲ್ಯಾಂಡ್ಸ್‌ನಲ್ಲಿ ಅದೇ ಮಗು ಮೂರೂವರೆಗೇ ಎದ್ದು ಕೂತಿರುತ್ತದೆ. ಅದು ತಾಯಿತಂದೆಗೆ ಹಿಂಸೆಯಾದರೂ, ಎಂಟು ಗಂಟೆಗೆ ಬಾಗಿಲು ತೆರೆಯುವ ಕ್ಯೂಕೆನ್‌ಹಾಫ್‌ಗೆ ಟೂರಿಸ್ಟ್ ಬಸ್ಸುಗಳಿಗಿಂತ ಮೊದಲು ಹೊಕ್ಕು ಮಧ್ಯಾಹ್ನಕ್ಕೆ ಹಿಂತಿರುಗಲು ಹೇಳಿಮಾಡಿಸಿದಂತಿರುತ್ತದೆ.

ಬುತ್ತಿಯ ನಿಯಮಗಳೂ ದೇಶಕ್ಕೊಂದು. ಐರೋಪ್ಯ ಒಕ್ಕೂಟದೊಳಗೆ ಹಾಲಿನ ಪದಾರ್ಥ ಒಯ್ಯುವಂತಿಲ್ಲ, ಆದ್ದರಿಂದ ತುಪ್ಪದ ಡಬ್ಬಿ, ಪೇಡೆ ಮನೆಯಲ್ಲೇ ಉಳಿಯಬೇಕು. ಶಿಶುಗಳ ಹಾಲಿನ ಪುಡಿಗೆ ಮಿತಿಯೊಳಗೆ ಅವಕಾಶವಿದೆ. ಆಸ್ಟ್ರೇಲಿಯಾದಲ್ಲಿ ರಾಗಿ ಹುರಿಹಿಟ್ಟಿನ ಪೊಟ್ಟಣವನ್ನೂ ಸೇರಿಸಿ ಪ್ರತಿಯೊಂದು ತಿನಿಸನ್ನೂ ಘೋಷಿಸಬೇಕು, ಮುಚ್ಚಿಟ್ಟರೆ ದಂಡ ದೊಡ್ಡದು. ಜಪಾನಿಗೆ ಮಾಂಸದ ಪದಾರ್ಥ, ಹಸಿ ಹಣ್ಣು, ಹಸಿ ತರಕಾರಿ ಬೇಡ.

ವೀಸಾದಲ್ಲಿ ನೆದರ್‌ಲ್ಯಾಂಡ್ಸ್ ದುಬಾರಿಯಾದರೂ ಮಕ್ಕಳ ವಿಷಯದಲ್ಲಿ ಉದಾರಿ: ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದ ಶುಲ್ಕ ದೊಡ್ಡವರಿಗೆ 90 ಯೂರೊ, ಆರರಿಂದ ಹನ್ನೊಂದು ವರ್ಷದವರಿಗೆ 45, ಆರರೊಳಗೆ ಉಚಿತ, ಹನ್ನೆರಡರೊಳಗಿನವರಿಗೆ ಬೆರಳಚ್ಚೂ ಬೇಡ. 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಸಲ್ಲಿಸಬಹುದಾಗಿದ್ದು, ಬೇಸಿಗೆಯ ನೂಕುನುಗ್ಗಲಿಗೆ ಸಿಗಬಾರದೆಂದರೆ ಸಂಕ್ರಾಂತಿ ಕಳೆದೊಡನೆ ಬೆಂಗಳೂರಿನ ವೀಸಾ ಕೇಂದ್ರದಲ್ಲಿ ದಿನ ಕಾದಿರಿಸಬೇಕು. ತಾಯಿ ಅಥವಾ ತಂದೆ ಒಬ್ಬರೇ ಮಗುವನ್ನು ಕರೆದೊಯ್ಯುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಸಿದ್ಧವಿರಲಿ. ಮಕ್ಕಳ ಪಾಸ್‌ಪೋರ್ಟಿನ ಅವಧಿ ಐದೇ ವರ್ಷವಾದ್ದರಿಂದ ಹುಟ್ಟಿದಾಗ ಮಾಡಿಸಿದ್ದು ಈಗಾಗಲೇ ಮುಗಿದಿರಬಹುದು. ಎರಡು ವರ್ಷ ತುಂಬುವವರೆಗೆ ಮಗುವಿಗೆ ಮಡಿಲ ಮೇಲಿನ ಕಡಿಮೆ ದರದ ಟಿಕೆಟ್ ಸಾಕು; ಪ್ರವಾಸದ ನಡುವೆ ಎರಡನೆಯ ಹುಟ್ಟುಹಬ್ಬ ಬಂದರೆ ಮರುಪ್ರಯಾಣಕ್ಕೆ ಪ್ರತ್ಯೇಕ ಸೀಟು ಕೊಳ್ಳಬೇಕಾಗುತ್ತದೆ. ಅಂಥ ಮಗುವಿರುವವರು ದಿನಾಂಕವನ್ನು ಒಂದು ವಾರ ಹಿಂದಕ್ಕೆ ಎಳೆದುಕೊಂಡರೂ ಕ್ಯೂಕೆನ್‌ಹಾಫ್‌ನಲ್ಲಿ ನೋಡಲು ಹೂವಿರುತ್ತದೆ.